ಸಾಯದ ಥ್ರೆಡ್ಡಿನ ಜೋಳಿಗೆ

ಓಡುತ್ತಿರುವ ಸರ್ವರ್‌ನ ಮೆಮೊರಿ ಗ್ರಾಫ್ ನೋಡುತ್ತ ಕೂರುವುದು ನನಗೆ ಪ್ರಿಯವಾದ ಕೆಲಸ. ಆರೋಗ್ಯವಂತ ಜಾವಾ ಪ್ರೋಗ್ರಾಮಿನ ಗ್ರಾಫ್ ಗರಗಸದ ಹಲ್ಲಿನಂತಿರುತ್ತದೆ. ಮೆಲ್ಲಗೆ ಏರುತ್ತದೆ, ಗಾರ್ಬೇಜ್ ಕಲೆಕ್ಟರ್ ಗುಡಿಸಿದೊಡನೆ ಧೊಪ್ಪನೆ ಇಳಿಯುತ್ತದೆ. ನನ್ನ ಕಣ್ಣು ಸದಾ ಹಲ್ಲಿನ ಬುಡದ ಮೇಲೆ. ಸೋಮವಾರ ಇದ್ದ ಬುಡ ಗುರುವಾರದ ಹೊತ್ತಿಗೆ ಮೇಲೆದ್ದಿದ್ದರೆ ಎಲ್ಲೋ ಸೋರಿಕೆ ಇದೆ.

ಕಸ ಗುಡಿಸುವ ಈ ಉಪಾಯವನ್ನು ಜಾನ್ ಮೆಕಾರ್ಥಿ ಎಂಐಟಿಯಲ್ಲಿ ಲಿಸ್ಪ್ ಭಾಷೆಗಾಗಿ ರೂಪಿಸಿದರು. 1960ರ ಅವರ ಪ್ರಬಂಧದಲ್ಲಿ ಅದರ ವಿವರಣೆ ಇದೆ. ಬೇರುಗಳಿಂದ ಹೊರಟು ಕೈಗೆ ಸಿಕ್ಕ ವಸ್ತುಗಳಿಗೆಲ್ಲ ಗುರುತು ಹಾಕುವುದು, ಗುರುತಿಲ್ಲದ ಜಾಗವನ್ನು ಮರಳಿ ಪಡೆಯುವುದು. ಜಾವಾದ ಕಲೆಕ್ಟರ್ ಎಷ್ಟೇ ಜಾಣನಾದರೂ ಕೇಳುವ ಪ್ರಶ್ನೆ ಇಂದಿಗೂ ಒಂದೇ: ಇಲ್ಲಿಗೆ ದಾರಿ ಇದೆಯೇ? ಆ ವಸ್ತು ಇನ್ನು ಯಾರಿಗಾದರೂ ಬೇಕೇ ಎಂಬುದು ಅದಕ್ಕೆ ತಿಳಿಯದು.

ಜೀವಂತ ಥ್ರೆಡ್ ಪ್ರತಿಯೊಂದೂ ಒಂದು ಬೇರು. ಥ್ರೆಡ್‌ಲೋಕಲ್ ಎಂಬುದು ಆ ಥ್ರೆಡ್ಡಿನ ಹೆಗಲಿಗೆ ನೇತುಹಾಕಿದ ಜೋಳಿಗೆ. ಒಂದು ರಿಕ್ವೆಸ್ಟ್ ಮುಗಿಸಿ ಥ್ರೆಡ್ ಸಾಯುವುದಾದರೆ ಜೋಳಿಗೆಯೂ ಅದರೊಡನೆ ಹೋಗುತ್ತದೆ. ಆದರೆ ಮರುಬಳಕೆಗೆಂದು ಪೂಲ್‌ನಲ್ಲಿಟ್ಟ ಥ್ರೆಡ್ ವಾರಗಟ್ಟಲೆ ಬದುಕಿರುತ್ತದೆ. ಟಾಮ್‌ಕ್ಯಾಟ್ ಸರ್ವರ್ ತಾನಾಗಿ ಇಟ್ಟುಕೊಳ್ಳುವ ಮಿತಿ 200 ಥ್ರೆಡ್. ಒಂದೊಂದರಲ್ಲಿ 5 ಎಂಬಿಯ ಬಫರ್ ಮರೆತರೂ 1 ಜಿಬಿ ಹೋಯಿತು. ಜೋಳಿಗೆಯಲ್ಲಿರುವುದು ಪಟ್ಟಿಯಾಗಿದ್ದು, ಪ್ರತಿ ರಿಕ್ವೆಸ್ಟೂ ಅದಕ್ಕೆ ಒಂದಿಷ್ಟು ಸೇರಿಸುತ್ತಿದ್ದರಂತೂ ಮಿತಿಯೇ ಇಲ್ಲ.

ಜೋಳಿಗೆಯಲ್ಲಿ ವ್ಯಾಲ್ಯೂಗೆ ಕೀ ಆಗಿರುವ ಥ್ರೆಡ್‌ಲೋಕಲ್ ವೀಕ್ ರೆಫರೆನ್ಸ್ ತಾನೇ, ತನ್ನಷ್ಟಕ್ಕೆ ಹೋಗುತ್ತದೆ ಎಂದು ಅನುಭವಿಗಳೂ ವಾದಿಸುವುದನ್ನು ಕೇಳಿದ್ದೇನೆ. ಕೀ ವೀಕ್ ಆಗಿರುವುದು ನಿಜ; ವ್ಯಾಲ್ಯೂವನ್ನು ಹಿಡಿದಿರುವುದು ಮಾತ್ರ ಗಟ್ಟಿ ರೆಫರೆನ್ಸ್. ಸಾಮಾನ್ಯವಾಗಿ ಥ್ರೆಡ್‌ಲೋಕಲ್ ಅನ್ನು ಸ್ಟ್ಯಾಟಿಕ್ ಎಂದು ಘೋಷಿಸಿರುತ್ತೇವೆ, ಹಾಗಾಗಿ ಕೀ ಕೂಡ ಸಾಯುವುದಿಲ್ಲ.

ಮೆಮೊರಿ ತುಂಬಿ ಸರ್ವರ್ ಬಿದ್ದರೆ ಮತ್ತೆ ಎಬ್ಬಿಸಬಹುದು. ನನ್ನನ್ನು ಹೆಚ್ಚು ಕಾಡುವುದು ಬೇರೆ. ಒಬ್ಬರ ಲಾಗಿನ್ ವಿವರ ಜೋಳಿಗೆಯಲ್ಲೇ ಉಳಿದು, ಅದೇ ಥ್ರೆಡ್ಡಿಗೆ ಬಂದ ಮುಂದಿನವರ ರಿಕ್ವೆಸ್ಟಿಗೆ ಕಾಣಿಸಿಬಿಡಬಹುದು. ಅದು ನಮ್ಮನ್ನು ನಂಬಿ ವಿವರ ಕೊಟ್ಟವರಿಗೆ ಮಾಡಿದ ಅನ್ಯಾಯ.

2025ರ ಜಾವಾ 25ರಲ್ಲಿ ಥ್ರೆಡ್‌ಲೋಕಲ್‌ಗೆ ಬದಲಾಗಿ ಬಳಸಬಹುದಾದ ಸ್ಕೋಪ್ಡ್ ವ್ಯಾಲ್ಯೂ ಪೂರ್ಣರೂಪದಲ್ಲಿ ಬಂದಿದೆ. ಬ್ಲಾಕ್ ಮುಗಿದೊಡನೆ ಅದರ ಬಂಧ ತಾನೇ ಕಳಚುತ್ತದೆ. ಹೊಸದಾಗಿ ಬರೆಯುವವರು ಅದನ್ನೇ ಬಳಸಿ. ಹಳೆಯ ಕೋಡ್ ಕಾಯುವವರು ಈ ವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಥ್ರೆಡ್‌ಲೋಕಲ್‌ಗೆ ಸೆಟ್ ಮಾಡಿದ ಕಡೆಯೆಲ್ಲ ಫೈನಲಿ ಬ್ಲಾಕ್‌ನಲ್ಲಿ ರಿಮೂವ್ ಇದೆಯೇ ಎಂದು ನೋಡಿ.