ಒಂದು ಕತ್ತರಿ, ಎರಡು ಸಂದೇಶ

ಫಾಸ್ಫೋಲಿಪೇಸ್ ಸಿ ಕಿಣ್ವದ ಹೆಚ್ಚುಗಾರಿಕೆ ಅದರ ಮಿತವ್ಯಯದಲ್ಲಿದೆ. ಹೊರಗಿನ ಸಂಕೇತ ತಟ್ಟಿದೊಡನೆ ಅದು ಕೋಶಪೊರೆಯ ಪಿಪ್-2 ಎಂಬ ಕೊಬ್ಬಿನ ಅಣುವನ್ನು ಒಮ್ಮೆ ಕತ್ತರಿಸುತ್ತದೆ; ಹುಟ್ಟುವುದು ಎರಡು ಸಂದೇಶ. ಐಪಿ-3 ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣ ತೆರೆಸುತ್ತದೆ; ಪೊರೆಯಲ್ಲೇ ಉಳಿಯುವ ಡಯಾಸೈಲ್‌ಗ್ಲಿಸರಾಲ್ ಪ್ರೋಟೀನ್ ಕೈನೇಸ್ ಸಿಯನ್ನು ಎಚ್ಚರಿಸುತ್ತದೆ. ಹಣ್ಣುನೊಣದಲ್ಲಿ ಫಾಸ್ಫೋಲಿಪೇಸ್ ಸಿಯ ಒಂದು ಜೀನ್ ಕೆಟ್ಟರೆ ನೊಣ ಕುರುಡಾಗುತ್ತದೆ.

ಕೆಲವು ರೋಗಗಳಿಗೂ ಈ ಕಿಣ್ವವೇ ಮೂಲವಾದರೆ ಅದನ್ನು ತಡೆದುಬಿಡಬಾರದೇ ಎನ್ನಬಹುದು. ಇದರ ಒಂದು ಬಗೆಯಾದ ಪಿಎಲ್‌ಸಿ ಗಾಮಾ-2ರ ಕೆಲವು ರೂಪಾಂತರಗಳಿಂದ ರಕ್ತ ಕ್ಯಾನ್ಸರ್ ಕೋಶಗಳು ಇಬ್ರುಟಿನಿಬ್ ಔಷಧಕ್ಕೆ ಮಣಿಯುವುದಿಲ್ಲ, ನಿಜ. ಆದರೆ ಅದೇ ಕಿಣ್ವವನ್ನು ತುಸು ಚುರುಕಾಗಿಸುವ, 2017ರಲ್ಲಿ ವರದಿಯಾದ ಮಾರ್ಪಾಡು ಇದ್ದವರಲ್ಲಿ ಆಲ್ಝೈಮರ್ ಅಪಾಯ ಕಡಿಮೆ. ಹಾಗಾಗಿ ಔಷಧ ಹುಡುಕುವ ಮೊದಲು, ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರ ದೇಶದ ಪ್ರಯೋಗಾಲಯಗಳಿಗೆ ಒದಗಿಸುವಂಥ ಕೋಶಗಳಲ್ಲೇ ಕಿಣ್ವದ ಚುರುಕಿನ ಏರಿಳಿತವನ್ನು ಅಳೆಯಬೇಕು. ಕಿಣ್ವವನ್ನು ಹೊಸಕುವ ಔಷಧಕ್ಕಿಂತ ಅದರ ಹದ ಕಾಯುವ ಔಷಧವೇ ನಮಗೆ ಬೇಕು.