ಏಕಾಕಿ ಕೃಷೀವಲನ ಅಂಗಾರಚಿತ್ರಗಳು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ಕಾಡಿಗೆಯನ್ನು ಅನ್ನದೊಡನೆ ಅರೆದು ವರ್ತಿಕೆಯೆಂಬ ಕಡ್ಡಿಯನ್ನು ಮಾಡುವ ಕ್ರಮವು ಉಕ್ತವಾಗಿದೆ. ಅದರಿಂದ ಮೊದಲು ಆಕಾರವನ್ನು ಗೀಚಿಕೊಂಡು, ಅನಂತರ ವರ್ಣವನ್ನು ತುಂಬತಕ್ಕದ್ದು. ಅರ್ಥಾತ್ ಕರಿಯ ಗೆರೆಯು ನಮ್ಮ ಶಾಸ್ತ್ರಕಾರರಿಗೆ ಪೂರ್ವಾಂಗವೇ ಹೊರತು ಪ್ರಧಾನವಲ್ಲ. ಹಾಗಾದರೆ ಕಪ್ಪಿನಲ್ಲಿಯೇ ಆರಂಭವಾಗಿ ಕಪ್ಪಿನಲ್ಲಿಯೇ ಮುಗಿದ ಚಿತ್ರವನ್ನು ಪೂರ್ಣವೆನ್ನಬಹುದೇ? ಡಚ್ ಚಿತ್ರಕಾರನಾದ ವಿನ್ಸೆಂಟ್ ವ್ಯಾನ್ ಗೋನ ಕೃಷೀವಲರನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸುತ್ತೇವೆ.

ಈತನು ಚಾರ್ಲ್ಸ್ ಬಾರ್ಗ್ ಎಂಬವನ ಇದ್ದಲುಚಿತ್ರದ ಪಾಠಗಳನ್ನು ನೋಡಿ ಬರೆದು ಕೈ ತಿದ್ದಿಕೊಂಡವನು. ೧೮೮೧ರ ಸೆಪ್ಟೆಂಬರಿನಲ್ಲಿ ಎಟ್ಟೆನ್ ಗ್ರಾಮದಿಂದ ತಮ್ಮನಾದ ಥಿಯೋನಿಗೆ ಕಳುಹಿದ ಕಾಗದದಲ್ಲಿ, ನೆಲ ಅಗೆಯುವ ರೈತನನ್ನು ನಾನಾ ಭಂಗಿಗಳಲ್ಲಿ ಐದು ಬಾರಿ ಬರೆದುದಾಗಿ ತಿಳಿಸಿರುವನು. ಆ ಕಾಲದ ಇದ್ದಲಿನ ಆಳುಗಳಲ್ಲಿ ಹೊರಗೆರೆ ಗಟ್ಟಿ, ಮೈ ಬಿಗಿ. ಸಲಿಕೆಯನ್ನು ಹಿಡಿದಿದ್ದಾರೆ; ಅಗೆಯುತ್ತಿಲ್ಲ. ೧೮೮೫ರ ಬೇಸಗೆಯಲ್ಲಿ ನ್ಯೂನೆನ್‌ನಲ್ಲಿ ಕಪ್ಪು ಬಳಪದಿಂದ ಬರೆದವರಾದರೋ ಬೇರೆಯೇ ಜನ. ನಡು ಬಾಗಿದೆ, ಬೆನ್ನು ದಿಬ್ಬದಂತೆ ಉಬ್ಬಿದೆ, ಮುಖ ಅರ್ಧ ಮರೆ, ಬಯಲಿನಲ್ಲಿ ಒಬ್ಬನೇ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಆಚಾರ್ಯರು ರೇಖೆಯನ್ನೂ ವಿಚಕ್ಷಣರು ವರ್ತನೆಯನ್ನೂ, ಎಂದರೆ ಛಾಯೆಯಿಂದ ತೋರುವ ಉಬ್ಬುತಗ್ಗುಗಳನ್ನೂ, ಮೆಚ್ಚುವರೆನ್ನುತ್ತದೆ. ವ್ಯಾನ್ ಗೋ ನಾಲ್ಕು ವರುಷಗಳಲ್ಲಿ ರೇಖೆಯಿಂದ ವರ್ತನೆಗೆ ನಡೆದುಬಂದನು.

ಕೈಗಳು ಅತಿ ದೊಡ್ಡವು, ಪ್ರಮಾಣಭಂಗವಾಗಿದೆ ಎಂದು ಶಂಕಿಸುವವರುಂಟು. ಹಂಸಾದಿ ಪಂಚಪುರುಷರ ಅಂಗುಲಪ್ರಮಾಣವು, ಹಂಸನಿಗೆ ೧೦೮ ಎಂಬುದೇ ಮೊದಲಾದುದು, ನೆಟ್ಟಗೆ ನಿಂತ ದೇಹಕ್ಕೆ ಸಲ್ಲುವುದು. ತಿರುಗಿದ, ಬಾಗಿದ ದೇಹಕ್ಕೆ ಕ್ಷಯವೃದ್ಧಿಯೆಂಬ ವಿಧಿ ಬೇರೆಯೇ ಇದೆ. ಆದರೂ ಆ ವಿಧಿಯಿಂದ ಕೈಗಳೆಲ್ಲವೂ ಸಮರ್ಥಿತವಾಗುವುದಿಲ್ಲವೆಂದು ಒಪ್ಪಲೇಬೇಕು. ಅವು ಭಾವಕ್ಕಾಗಿ ಬೆಳೆದ ಕೈಗಳು.

ನಮ್ಮ ಲಿಂಗಸುಗೂರು ಸೀಮೆಯ ಎರೆಹೊಲದಲ್ಲಿ ಕರಿಕೆಯ ಬೇರು ಕೀಳಲೆಂದು ಅಗೆಯುವವನನ್ನು ಬದುವಿನ ಮೇಲೆ ನಿಂತು ನೋಡಿದರೆ, ಮೊದಲು ಕಾಣುವುದು ತಲೆಯಲ್ಲ, ಬೆನ್ನು. ಮೈಯೂ ಮಣ್ಣೂ ಒಂದೇ ಬಣ್ಣ. ಅಲ್ಲಿ ವರ್ಣವನ್ನು ತುಂಬುವವನು ಏನನ್ನು ತುಂಬಬೇಕು? (ಈ ಮಾತನ್ನು ಐವತ್ತು ದಾಟಿದ ಮೇಲೆ ಒಪ್ಪಿಕೊಳ್ಳುತ್ತಿದ್ದೇವೆ, ಪಾಠಶಾಲೆಯಲ್ಲಿದ್ದಾಗ ವರ್ಣವಿಲ್ಲದ ಚಿತ್ರವನ್ನು ಚಿತ್ರವೆಂದೇ ಎಣಿಸಿರಲಿಲ್ಲ.) ಗ್ರೀಷ್ಮವನ್ನು ತೋರಿಸಲು ಬಳಲಿದ ಜನರನ್ನು ಬರೆಯಬೇಕೆಂದು ಚಿತ್ರಸೂತ್ರದಲ್ಲಿದೆ. ಅಲ್ಲಿ ಬಳಲಿದವನು ಋತುವಿಗೆ ಲಕ್ಷಣಮಾತ್ರ. ನ್ಯೂನೆನ್‌ನ ಹಾಳೆಗಳಲ್ಲಿ ಅವನೇ ವಿಷಯ. ಈ ಕಾರಣದಿಂದ ಅವುಗಳನ್ನು ಪೂರ್ಣಚಿತ್ರಗಳೆಂದೇ ಎಣಿಸುತ್ತೇವೆ. ಹಿಂದಿನ ಹೊಲವು ಹಲವೆಡೆ ನಾಲ್ಕು ಗೀರುಗಳಲ್ಲಿ ತೀರಿಹೋಗಿರುವುದು ಮಾತ್ರ ನಮಗೆ ರುಚಿಸಲಿಲ್ಲ. ಅಷ್ಟು ಹೊತ್ತು ಅವನು ಅಗೆದ ನೆಲಕ್ಕೆ ಇನ್ನೂ ಸ್ವಲ್ಪ ಕಪ್ಪು ಸಲ್ಲಬೇಕಾಗಿತ್ತು.