ಮೊದಲ ಬೋರ್ಡ್ ದೊಡ್ಡದಿರಲಿ

ಆಷಾಢದಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಬೈಕ್ ಹತ್ತಿ ಹೊರಟವರಿಗೆ ಪಡುವಣ ಗಾಳಿಯ ನೂಕು ಚೆನ್ನಾಗಿ ಗೊತ್ತು. ಅದೇ ಮುಂಗಾರು ಗಾಳಿ ರಾಮೇಶ್ವರದ ಕಡಲಲ್ಲಿ ಆಳೆತ್ತರ ಮೀರಿದ ಪತಂಗಗಳನ್ನು ಹಾರಿಸಿ, ಬೋರ್ಡಿನ ಮೇಲೆ ನಿಂತವರನ್ನು ನೀರ ಮೇಲೆ ಎಳೆದೊಯ್ಯುತ್ತದೆ. ಸಂಕ್ರಮಣಕ್ಕೆ ಮಾಳಿಗೆ ಹತ್ತಿ ಪತಂಗ ಹಾರಿಸಿದ ಹುಡುಗ ಹುಡುಗಿಯರಿಗೆ ಕೈಟ್ ಸರ್ಫಿಂಗ್ ಮೇಲೆ ಮನಸ್ಸಾದರೆ ಆಶ್ಚರ್ಯವೇನಿಲ್ಲ. ಆದರೆ ಮನಸ್ಸಾದ ಕೂಡಲೇ ವಿಡಿಯೊದಲ್ಲಿ ಕಂಡ ಚಿಕ್ಕ, ಚುರುಕು ಬೋರ್ಡಿನ ಬೆಲೆ ವಿಚಾರಿಸುತ್ತಾರಲ್ಲ, ಎಡವುವುದು ಅಲ್ಲೇ.

ಕೈಟನ್ನು ಗಾಳಿ ನೋಡಿ ಬದಲಾಯಿಸುತ್ತಾರೆ: ಜೋರಿದ್ದರೆ 9 ಚದರ ಮೀಟರಿನದು, ಇಳಿದರೆ 12ರದು. ಬೋರ್ಡನ್ನು ಆರಿಸುವುದು ಸವಾರರ ತೂಕ ನೋಡಿ. 70–75 ಕಿಲೊ ತೂಗುವ ಹೊಸಬರಿಗೆ 140 ಸೆಂ.ಮೀ. ಉದ್ದ, 42 ಸೆಂ.ಮೀ. ಅಗಲದ ಆಸುಪಾಸು ಸರಿಹೋಗುತ್ತದೆ. 60 ಕಿಲೊ ಒಳಗಿನವರಿಗೆ 135ರ ಸುತ್ತ, 85 ದಾಟಿದವರಿಗೆ 145 ಅಥವಾ ಅದಕ್ಕೂ ಮೇಲೆ. ಪಳಗಿದವರು ಇದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಚಿಕ್ಕದನ್ನು ಬಳಸುತ್ತಾರೆ; ಅವರಿಗೆ ಅದು ಸಲ್ಲುತ್ತದೆ.

ಹೊಸಬರಿಗೆ ದೊಡ್ಡದೇ ಏಕೆ? ನೀರಿನಿಂದ ಎದ್ದು ನಿಲ್ಲುವ ಗಳಿಗೆಯಲ್ಲಿ ವೇಗವೇ ಇರುವುದಿಲ್ಲ. ಅಗಲದ ಬೋರ್ಡ್ ಸ್ವಲ್ಪ ಎಳೆತಕ್ಕೇ ಮೇಲೆದ್ದು ಜಾರತೊಡಗುತ್ತದೆ. ಚಿಕ್ಕದಾದರೆ ಕೈಟನ್ನು ರಭಸದಿಂದ ಬೀಸಲೇಬೇಕು, ಬೀಸಿದವರು ಮುಗ್ಗರಿಸುತ್ತಾರೆ. ಎದ್ದು ನಿಂತ ಮೇಲೆ ಇನ್ನೊಂದು ಕಷ್ಟ ಕಾದಿರುತ್ತದೆ. ಗಾಳಿ ಎಲ್ಲರನ್ನೂ ತನ್ನ ದಿಕ್ಕಿಗೇ ಸರಿಸುತ್ತದೆ, ಹೊರಟ ಜಾಗಕ್ಕೆ ಮರಳಲಾಗದೆ ಕಲಿಯುವವರು ಬೋರ್ಡ್ ಹೊತ್ತು ದಂಡೆಗುಂಟ ನಡೆದು ಬರುತ್ತಾರೆ. ಈ ನಡಿಗೆ ತಗ್ಗಿಸುವುದು ರಾಕರ್, ಅಂದರೆ ತುದಿಗಳ ಬಾಗು, ಕಡಿಮೆ ಇರುವ ಬೋರ್ಡ್. ಬಾಗು ಹೆಚ್ಚಿದ್ದರೆ ಕುಲುಕುವ ನೀರಿನಲ್ಲಿ ಮೆದುವಾಗಿ ಸಾಗುತ್ತದೆ ನಿಜ, ಆದರೆ ವೇಗ ಕಳೆಯುತ್ತದೆ, ಗಾಳಿಗೆದುರು ಏರುವುದು ಕಷ್ಟವಾಗುತ್ತದೆ. ಪೂರ್ತಿ ಕಾರ್ಬನ್ನಿನ ಬಿಗಿ ಬೋರ್ಡಿಗೆ ದುಡ್ಡು ಸುರಿಯುವುದೂ ಬೇಡ. ಮರದ ತಿರುಳು, ಗಾಜಿನ ನಾರಿನ ಹೊದಿಕೆಯದು ಮಣಿಯುತ್ತದೆ, ಮೊಣಕಾಲಿಗೆ ಹಿತ.

ಮುಲ್ಕಿಯ ಮಂತ್ರ ಸರ್ಫ್ ಕ್ಲಬ್ಬಿನಂಥ ಕಡೆ ಅಲೆ ಸವಾರಿ ಕಲಿತವರಿಗೆ ಮೂಗು ಚೂಪಾದ ಸರ್ಫ್ ಬೋರ್ಡೇ ಕಣ್ಣಿಗೆ ಬೀಳುತ್ತದೆ. ಆದರೆ ಅದರ ಮೇಲೆ ತಿರುಗುವಾಗ ಕಾಲು ಅದಲುಬದಲು ಮಾಡಬೇಕು. ಎರಡೂ ತುದಿ ಒಂದೇ ಆಕಾರದ ಟ್ವಿನ್ ಟಿಪ್ ಯಾವ ಕಡೆಗಾದರೂ ಹೋಗುತ್ತದೆ, ಕಾಲು ಕದಲಿಸಬೇಕಿಲ್ಲ. ಶುರುವಿಗೆ ಇದೇ. 2024ರ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಕೈಟ್ ಸ್ಪರ್ಧೆ ನಡೆದಾಗ ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟಸ್, ಬ್ರಿಟನ್ನಿನ ಎಲಿ ಆಲ್ಡ್ರಿಜ್ ಚಿನ್ನ ಗೆದ್ದದ್ದು ನೀರಿನಿಂದ ಮೇಲೆದ್ದು ತೇಲುವ ಫಾಯಿಲ್ ಬೋರ್ಡಿನ ಮೇಲೆ. ಅದು ಬಹಳ ಮುಂದಿನ ಪಾಠ.

ಹಳೆಯ ಬೋರ್ಡ್ ಕೊಳ್ಳುವುದರಲ್ಲಿ ತಪ್ಪಿಲ್ಲ, ನೋಡಿ ಕೊಳ್ಳಬೇಕು ಅಷ್ಟೆ. ಹಿಮ್ಮಡಿ ಊರುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ತಗ್ಗಬಾರದು. ಬೆರಳಿನಿಂದ ತಟ್ಟಿದರೆ ಎಲ್ಲ ಕಡೆ ಒಂದೇ ಸದ್ದು ಬರಬೇಕು. ಕಾಲು ಸಿಕ್ಕಿಸುವ ಪಟ್ಟಿಗಳ ಸ್ಕ್ರೂ ಬಿಚ್ಚಿ ಮತ್ತೆ ಬಿಗಿದು ನೋಡಬೇಕು. ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಅದರ ಸುತ್ತ ಬಿರುಕಿದ್ದರೆ, ಒಳಗೆ ನೀರು ಇಳಿದಿರುವ ಸಂಭವ ಹೆಚ್ಚು. ಬೋರ್ಡನ್ನು ಮೈಗೆ ಕಟ್ಟುವ ಹಗ್ಗ ಪುಕ್ಕಟೆ ಕೊಟ್ಟರೂ ಬೇಡ. ಬಿದ್ದಾಗ ಹಗ್ಗ ಎಳೆದು, ಬೋರ್ಡ್ ಚಿಮ್ಮಿ ಬಂದು ತಲೆಗೆ ಬಡಿಯುತ್ತದೆ. ಹೆಲ್ಮೆಟ್ಟಿಗೆ ಮಾತ್ರ ಜಿಪುಣತನ ಸಲ್ಲದು.

ಕಮಲಾಪುರ ತಾಲೂಕಿನ ಬೆಳಕೋಟಾದ ಗಂಡೋರಿ ನಾಲಾ ಜಲಾಶಯದಲ್ಲಿ ನೀರಿದೆ, ಗಾಳಿಯೂ ಇದೆ ಎಂದು ಅಲ್ಲೇ ಪ್ರಯತ್ನಕ್ಕೆ ಇಳಿಯಬೇಡಿ. ನೆಲ, ಗುಡ್ಡ ದಾಟಿ ಬಂದ ಗಾಳಿ ಒಮ್ಮೆ ಸತ್ತು ಒಮ್ಮೆ ಜಗ್ಗುತ್ತದೆ, ನೆರವಿಗೆ ದೋಣಿಯೂ ಇರುವುದಿಲ್ಲ. ಕಲಬುರಗಿಯಿಂದ ರೈಲು ಹಿಡಿದು ಚೆನ್ನೈ, ಅಲ್ಲಿಂದ ರಾತ್ರಿ ರೈಲಿಗೆ ರಾಮೇಶ್ವರ. ಪಾಕ್ ಕೊಲ್ಲಿಯ ದಂಡೆಯ ಪಿರಪ್ಪನ್‌ವಲಸೈ ಕಡೆ ಆಳವಿಲ್ಲದ ನೀರಿನಲ್ಲಿ ಕಲಿಸುವ ಶಾಲೆಗಳಿವೆ, ಬೋರ್ಡ್ ಅವರೇ ಕೊಡುತ್ತಾರೆ. ಹೊರಟ ಜಾಗಕ್ಕೇ ಸವಾರಿ ಮಾಡಿಕೊಂಡು ಮರಳುವ ತನಕ ಸ್ವಂತದ್ದು ಕೊಳ್ಳಬೇಡಿ. ಕೊಳ್ಳುವ ದಿನ ಅಂಗಡಿಯವರಿಗೆ ಮೊದಲು ನಿಮ್ಮ ತೂಕ ಹೇಳಿ, ಬಣ್ಣ ಆಮೇಲೆ ಕೇಳಿ.